ಎಳೆ, ಬಿಡು

ಇಪ್ಪತ್ತು ವರ್ಷ ವ್ಯಾಕರಣ ಬೋಧಿಸಿದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ನಾಲ್ಕು ಜನ ಕೂಡಿ ಕೆಲಸ ಮಾಡುವುದನ್ನು ಕಂಡರೆ, ಅವರ ಕೆಲಸಕ್ಕಿಂತ ಅವರಾಡುವ ಕ್ರಿಯಾಪದಗಳ ಮೇಲೆಯೇ ಅವನ ಕಿವಿ. ತೇರೆಳೆಯುವವರನ್ನೂ ಮದುವೆಮನೆಯ ಅಡಿಗೆಯವರನ್ನೂ ನಾನು ಹೀಗೆಯೇ ಕೇಳುತ್ತ ನಿಂತದ್ದುಂಟು. ಈಚೆಗೆ ಆ ಸಾಲಿಗೆ ಹಾಯಿದೋಣಿಯ ಪಂದ್ಯದವರೂ ಸೇರಿದ್ದಾರೆ.

ನನ್ನ ಭಾವ ಕುಮಟೆಯ ಕಡೆಯವರು. ಮುಂಬಯಿಯಲ್ಲಿ ನೆಲೆಸಿ ಮೂವತ್ತು ವರ್ಷ ಮೀರಿತು. ಅವರೂ ಅವರ ಮಗನೂ ಭಾನುವಾರಗಳಲ್ಲಿ ಬಂದರಿನಲ್ಲಿ ಒಂದೇ ದೋಣಿಯಲ್ಲಿ ಹಾಯಿಕಟ್ಟುವವರು. ಇದರಲ್ಲಿ ವಿಶೇಷವೇನೆಂದರೆ, ಮನೆಯಲ್ಲಿ ಅವರಿಬ್ಬರಿಗೆ ಮಾತಿಲ್ಲ. ಹುಡುಗ ಎರಡು ವರ್ಷದ ಹಿಂದೆ ಒಳ್ಳೆಯ ನೌಕರಿ ಬಿಟ್ಟು ಮಕ್ಕಳಿಗೆ ದೋಣಿ ಕಲಿಸುವ ಕೆಲಸ ಹಿಡಿದ. ಅಂದಿನಿಂದ ಇಬ್ಬರ ಮಾತೂ ನನ್ನ ಅಕ್ಕನ ಮೂಲಕವೇ ಹೋಗಿ ಬರುತ್ತದೆ. "ಸಾರು ಇನ್ನಷ್ಟು ಬೇಕೇನು ಕೇಳು" ಎಂದು ಭಾವ ಹೇಳುವಾಗ ಮಗ ಎದುರಿನ ಕುರ್ಚಿಯಲ್ಲೇ ಇರುತ್ತಾನೆ!

ಅವರ ದೋಣಿ ಜೆ-24 ಎಂಬ ಜಾತಿಯದು. ರಾಡ್ ಜಾನ್‌ಸ್ಟನ್ ಎಂಬ ಅಮೆರಿಕನ್ನನು 1970ರ ದಶಕದಲ್ಲಿ ತನ್ನ ಮನೆಯ ಗ್ಯಾರೇಜಿನಲ್ಲಿ ಇದರ ಮೊದಲನೆಯದನ್ನು ಕಟ್ಟಿದ. ಮುಂದೆ ಜಗತ್ತಿನ ನಾನಾ ಬಂದರುಗಳಿಗೆ ಸಾವಿರಗಟ್ಟಲೆ ಹಬ್ಬಿತು. ಉದ್ದ 24 ಅಡಿ. ಹೊಟ್ಟೆಯಡಿ ಕೀಲ್ ಎಂಬ ಸೀಸದ ರೆಕ್ಕೆ, ಸುಮಾರು 430 ಕಿಲೋ. ಗಾಳಿ ಎಷ್ಟು ವಾಲಿಸಿದರೂ ದೋಣಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು ಅದೇ. ಸಾಮಾನ್ಯವಾಗಿ ಐದು ಜನ ನಡೆಸುತ್ತಾರೆ. ಪಂದ್ಯದಲ್ಲಿ ಎಲ್ಲ ದೋಣಿಗಳೂ ಒಂದೇ ಅಚ್ಚಿನವಾದುದರಿಂದ ಗೆಲ್ಲುವವರಿಗೂ ಸೋಲುವವರಿಗೂ ವ್ಯತ್ಯಾಸವನ್ನು ದೋಣಿಯಲ್ಲಿ ಹುಡುಕುವಂತಿಲ್ಲ. ಐದು ಜನರ ನಡುವೆಯೇ ಹುಡುಕಬೇಕು.

ಕಳೆದ ಚಳಿಗಾಲದಲ್ಲಿ, ಅಭ್ಯಾಸದ ಪಂದ್ಯವೊಂದಕ್ಕೆ ಐದನೆಯವನು ಬರಲಿಲ್ಲವೆಂದು ನನ್ನನ್ನು ಹತ್ತಿಸಿಕೊಂಡರು. ವಿದ್ವತ್ತಿಗಾಗಿ ಅಲ್ಲ, ತೂಕಕ್ಕಾಗಿ. ದೋಣಿ ವಾಲಿದ ಕಡೆಗೆ ವಿರುದ್ಧವಾದ ಅಂಚಿನಲ್ಲಿ ಕೂತು ಕಾಲು ಇಳಿಬಿಡುವುದು ನನಗೊಪ್ಪಿಸಿದ ಕಾರ್ಯ. ಆ ಪದವಿಯಲ್ಲಿ ಕೂತವನಿಗೆ ಕೇಳುವುದಕ್ಕೆ ಧಾರಾಳ ಪುರಸತ್ತು.

ಹೊರಡುವ ಗೆರೆಯ ಬಳಿಯಲ್ಲಿ ಮಾತೇ ಇಲ್ಲ. ಮೂತಿಯಲ್ಲಿ ನಿಂತ ಹುಡುಗಿ ಹಿಂದಿರುಗದೆ ಬೆರಳೆತ್ತಿ ತೋರಿಸುತ್ತಿದ್ದಳು: ಮೂರು ಬೆರಳೆಂದರೆ ಗೆರೆಗೆ ಇನ್ನು ಮೂರು ದೋಣಿಯಷ್ಟು ದೂರ. ಗಾಳಿಗೆ ಎದುರಾಗಿ ಕೂಗಿದರೂ ಚುಕ್ಕಾಣಿಯವನಿಗೆ ಕೇಳಿಸಲಾರದಷ್ಟೆ. ಹೊರಟ ಮೇಲೆ ಮಾತು ಬಂತು, ಆದರೆ ಎಂಥ ಮಾತು! "ಗಾಳಿ ಬಂತು, ಮೂರು, ಎರಡು, ಒಂದು." "ಎಳೆ." "ಬಿಡು." ಕನ್ನಡದಲ್ಲಿ ಧಾತುವೇ ಏಕವಚನದ ವಿಧಿರೂಪವೂ ಆಗುತ್ತದೆಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಅದರ ಉಪಯೋಗ ಅಂದು ಕಂಡಿತು. ಮನೆಯಲ್ಲಿ ತಂದೆಗೆ 'ನೀವು' ಎಂದಲ್ಲದೆ ಆಡದ ಹುಡುಗ ಚುಕ್ಕಾಣಿ ಹಿಡಿದು "ಬಿಡು" ಎನ್ನುತ್ತಿದ್ದ, ಭಾವ ಬಿಡುತ್ತಿದ್ದರು. 'ಬಿಡಿರಿ' ಎಂದರೆ ಅಕ್ಷರ ಒಂದೇ ಹೆಚ್ಚು, ನಿಜ. ಆದರೆ ಆ ಒಂದಕ್ಕೂ ಅಲ್ಲಿ ಎಡೆಯಿರಲಿಲ್ಲ.

ಗಾಳಿಗೆದುರಾಗಿ ಹೋಗುವಾಗ ಮುಂದಿನ ದೊಡ್ಡ ಪಟ ದೋಣಿಯ ಮೇಲ್ಗಡೆಯನ್ನೇ ಗುಡಿಸುವಂತೆ ಇಳಿದಿರುತ್ತದೆ. ಅದರಾಚೆ ಏನಿದೆಯೆಂಬುದು ಚುಕ್ಕಾಣಿಯವನಿಗೆ ಕಾಣದು. ಗಾಳಿಯನ್ನು ಎಡಗಡೆಯಿಂದ ಪಡೆದ ದೋಣಿ, ಬಲಗಡೆಯಿಂದ ಪಡೆದದ್ದಕ್ಕೆ ದಾರಿ ಕೊಡಬೇಕೆಂಬುದು ಕಟ್ಟಲೆ. ನಮಗೆ ಗಾಳಿ ಎಡಗಡೆಯದು. ಭಾವ ಪಟದ ಕೆಳಗೆ ಬಗ್ಗಿ ನೋಡಿ, "ಬರ್ತಾ ಇದೆ. ಐದು ದೋಣಿಯಳತೆ. ನಾವು ದಾಟಲಾರೆವು" ಎಂದರು. "ಹಿಂದಿನಿಂದ ಹೋಗೋಣ. ಬಿಡು." ಪಟ ಸಡಿಲಿತು, ದೋಣಿ ಓರೆಯಾಗಿ ಓಡಿತು, ಆಚೆಯ ದೋಣಿಯ ಬೆನ್ನನ್ನು ಸವರಿದಂತೆ ದಾಟಿತು. "ಎಳೆ!" ಮಗ ತಿರುಗಿ ನೋಡಲಿಲ್ಲ, ನಿಜವೇ ಎಂದು ವಿಚಾರಿಸಲಿಲ್ಲ. ತನಗೆ ಕಾಣದ್ದನ್ನು ತಂದೆಯ ಬಾಯಿಂದ ಕೇಳಿ ಒಂದೂವರೆ ಟನ್ನಿನ ಆ ದೋಣಿಯನ್ನು ತಿರುಗಿಸಿಬಿಟ್ಟ.

ಈ ಆಟದ ನಿಯಮಗ್ರಂಥದಲ್ಲಿ ಕೆಲವು ಮಾತುಗಳಿಗೂ ಸ್ಥಾನವುಂಟು. ಲಂಗರು ಹಾಕಿದ ಹಡಗೊಂದು ಎದುರಾದಾಗ ಪಕ್ಕದ ದೋಣಿ ಜಾಗ ಕೇಳಿ ಕೂಗಿದರೆ, ಕೇಳಿಸಿಕೊಂಡವನು ತಾನು ಮಗ್ಗುಲು ತಿರುಗಬೇಕು. ಇಲ್ಲವೆ 'ನೀನು ತಿರುಗು' ಎಂದು ಉತ್ತರ ಕೊಟ್ಟು ಅವನಿಗೆ ಎಡೆಮಾಡಬೇಕು. ಸುಮ್ಮನಿರುವ ಹಕ್ಕಿಲ್ಲ. ನಮ್ಮ ಸಂಸಾರಗಳಿಗೂ ಯಾರಾದರೂ ಇಂಥದೊಂದು ಕಟ್ಟಲೆ ಬರೆಯಬಾರದೆ ಎನಿಸಿತು.

ಗುರುತಿನ ಬುರುಡೆಯನ್ನು ಸುತ್ತಿ ಹಿಂಗಾಳಿಗೆ ತಿರುಗಿದಾಗ ಸ್ಪಿನಕರ್ ಎಂಬ ಉಬ್ಬುಪಟವನ್ನು ಏರಿಸಿದರು. ಏರಿದ್ದು ಉಬ್ಬಲಿಲ್ಲ, ನಡುವಿನಲ್ಲಿ ಹುರಿಯಾಗಿ ಸುತ್ತಿಕೊಂಡಿತು. ಬೆಳಿಗ್ಗೆ ಅದನ್ನು ಚೀಲಕ್ಕೆ ಮಡಿಸಿದವರು ಭಾವ. ಅದು ಎಲ್ಲರಿಗೂ ಗೊತ್ತು. ಎರಡು ದೋಣಿಗಳು ನಮ್ಮನ್ನು ದಾಟಿಹೋದುವು. ಮಗ ಏನನ್ನೋ ಹೇಳಲು ಬಾಯಿ ತೆರೆದ. "ಅಂಚು ಹಿಡಿದು ಕೆಳಗೆ ಜಗ್ಗು" ಎಂದ, ಮೂತಿಯಲ್ಲಿದ್ದ ಹುಡುಗಿಗೆ. ಅಷ್ಟೆ. ಅಂದು ಆ ದೋಣಿಯಲ್ಲಿ 'ಯಾಕೆ ಮಾಡಿದೆ' ಎಂಬ ಭೂತಕಾಲದ ಕ್ರಿಯಾಪದವನ್ನು ನಾನು ಒಮ್ಮೆಯೂ ಕೇಳಲಿಲ್ಲ.

ಹುರಿ ಬಿಚ್ಚಿ ಪಟ ಫಟ್ಟನೆ ತುಂಬಿತು. ಆ ಪಟದ ಹಗ್ಗ ಭಾವನ ಕೈಯಲ್ಲಿ. ಗಾಳಿಯ ಎಳೆತ ಮೊದಲು ತಿಳಿಯುವುದು ಆ ಕೈಗೆ; ಕೈಗೆ ತಿಳಿದದ್ದನ್ನು ಬಾಯಿ ಎಡೆಬಿಡದೆ ಹೇಳುತ್ತಿರಬೇಕು. ಎಳೆತವಿದ್ದರೆ ಮಗ ದೋಣಿಯನ್ನು ಇನ್ನಷ್ಟು ಗಾಳಿಯ ಜೊತೆಗೆ ಬಿಡುತ್ತಾನೆ, ಸಡಿಲಿದರೆ ಸ್ವಲ್ಪ ಮೇಲಕ್ಕೆ ತಿರುಗಿಸುತ್ತಾನೆ. "ಇದೆ... ಇದೆ... ಚೆನ್ನಾಗಿದೆ... ಸಡಿಲ... ಸಡಿಲ... ಹಾಂ, ಬಂತು." ಕಾಲು ಗಂಟೆಯ ಹೊತ್ತು ಭಾವ ಹೀಗೆ ಮಾತನಾಡುತ್ತಲೇ ಇದ್ದರು, ಪಟದಿಂದ ಕಣ್ಣು ಕೀಳದೆ. ಮಗ ಒಂದಕ್ಕೂ ಉತ್ತರ ಕೊಡಲಿಲ್ಲ. ಒಂದೊಂದಕ್ಕೂ ದೋಣಿ ಉತ್ತರ ಕೊಡುತ್ತಿತ್ತು. ಎರಡು ವರ್ಷದಲ್ಲಿ ಆ ಮನೆಯೊಳಗೆ ನಾನು ಕೇಳಿದ್ದಕ್ಕಿಂತ ಹೆಚ್ಚು ಮಾತು ಅದು.

ಒಂಬತ್ತು ದೋಣಿಗಳಲ್ಲಿ ನಾವು ಆರನೆಯವರಾದೆವು. ದಡ ಸೇರಿದ ಮೇಲೆ ಭಾವ ಚಪ್ಪಲಿ ಮೆಟ್ಟುತ್ತ, "ಮಡಿಸಿದ್ದು ನಾನೇ" ಎಂದರು, ಯಾರನ್ನೂ ನೋಡದೆ.

"ಗೊತ್ತು, ನೀವೇ" ಎಂದ ಮಗ. ಸ್ವಲ್ಪ ಹೊತ್ತು ಬಿಟ್ಟು ಪಟವನ್ನು ನೆಲದ ಮೇಲೆ ಹರಡಿದ. ಒಂದಂಚನ್ನು ತಾನು ಹಿಡಿದು, ಇನ್ನೊಂದನ್ನು ತಂದೆಯ ಕಡೆಗೆ ನೀಡಿದ. ಮೂರು ಮೂಲೆಗಳೂ ಚೀಲದ ಬಾಯಲ್ಲಿ ಕಾಣುವಂತೆ, ಅಂಚು ತಿರುಚದಂತೆ ಅವರು ಮಡಿಸುತ್ತಿರುವಾಗ ನಾನು ಚಹಾ ಹೇಳಿ ಬರಲು ಹೋದೆ.