ಪ್ರೈವೇಟ್ ಅಂದ್ರೆ ಬೀಗ ಅಲ್ಲ

ಹಾಸ್ಟೆಲಿನಲ್ಲಿ ನಮ್ಮ ಮೂವರಿಗೂ ಹೆಸರೇ ಇಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಅಂತಲೇ ಎಲ್ಲರೂ ಕರೆಯೋದು. ಓದಿದ್ದು ಇಂಗ್ಲಿಷ್ ಮೀಡಿಯಂ, ಕಾಗುಣಿತ ತಪ್ಪಿದ್ದರೆ ಕ್ಷಮಿಸಿ. ಮೂವರ ಮನೆಯಲ್ಲೂ ಅಡಿಕೆ ತೋಟ.

ಈ ಸಲದ ಮಿನಿ ಪ್ರಾಜೆಕ್ಟಿಗೆ ರೂಬಿಯಲ್ಲಿ ಅಡಿಕೆ ಲೆಕ್ಕದ ಪ್ರೋಗ್ರಾಂ ಬರೆಯಲು ಹೊರಟೆವು. ‘ತೋಟ’ ಅಂತ ಒಂದು ಕ್ಲಾಸ್; ನಮ್ಮ ಮನೆಗಳು ಅದರ ಮೂರು ಆಬ್ಜೆಕ್ಟ್. ರಾಶಿ, ಬೆಟ್ಟೆ, ಗೊರಬಲು ಎಷ್ಟೆಷ್ಟು ಕ್ವಿಂಟಾಲ್ ಅನ್ನೋದೆಲ್ಲ ಪಬ್ಲಿಕ್. ‘ಸಾಲ’ ಅನ್ನೋ ಮೆಥಡ್ ಮಾತ್ರ ಪ್ರೈವೇಟ್. ಎಲೆಚುಕ್ಕಿ ರೋಗ ಬಂದ ಮೇಲೆ ಮೂರೂ ಮನೆಯಲ್ಲಿ ಸಾಲ ಇದೆ ಅಂತ ಗೊತ್ತಿತ್ತು. ಎಷ್ಟು ಅಂತ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಅಂಕಿ ಟೈಪ್ ಮಾಡುವಾಗಲೂ ಉಳಿದಿಬ್ಬರು ಕಿಟಕಿ ಕಡೆ ನೋಡುತ್ತಿದ್ದೆವು.

ಎರಡು ತೋಟ ಹೋಲಿಸುವ ಮೆಥಡ್ ಬರೆದಾಗ ಸಿಕ್ಕಿಬಿದ್ದೆವು. ಅದರೊಳಗೆ ‘ಇನ್ನೊಂದು.ಸಾಲ’ ಅಂತ ಬರೆದಿದ್ದೆವು. ಜಾವಾದಲ್ಲಾದರೆ ನಡೆಯುತ್ತೆ, ಒಂದೇ ಕ್ಲಾಸಿನ ಒಳಗಿನ ಕೋಡ್ ಇನ್ನೊಂದು ಆಬ್ಜೆಕ್ಟಿನ ಪ್ರೈವೇಟನ್ನೂ ಮುಟ್ಟಬಹುದು. ರೂಬಿ ಎರರ್ ಕೊಟ್ಟಿತು. ಇಲ್ಲಿ ಬೇರೆ ಆಬ್ಜೆಕ್ಟಿನ ಹೆಸರು ಹಿಡಿದು ಅದರ ಪ್ರೈವೇಟ್ ಮೆಥಡ್ ಕರೆಯುವಂತಿಲ್ಲ. ತನ್ನೊಳಗಿಂದ ಬರೀ ‘ಸಾಲ’ ಅನ್ನಬೇಕು. 2019ರಲ್ಲಿ 2.7ನೇ ಆವೃತ್ತಿ ಬರುವವರೆಗೆ ‘ಸೆಲ್ಫ್.ಸಾಲ’ ಅಂದರೂ ಎರರೇ. ಆದರೆ ಸಬ್‌ಕ್ಲಾಸಿನ ಆಬ್ಜೆಕ್ಟ್ ಅದನ್ನು ತನ್ನದೇ ಎಂಬಂತೆ ಕರೆಯಬಹುದು, ಅಪ್ಪನ ಸಾಲ ಮಗನಿಗೆ ಬಂದ ಹಾಗೆ.

ಕಳ್ಳದಾರಿಯೂ ಇದೆ. ‘ಸೆಂಡ್’ ಅನ್ನೋ ಮೆಥಡಿಗೆ ‘ಸಾಲ’ ಅಂತ ಹೆಸರು ಕೊಟ್ಟರೆ ಪ್ರೈವೇಟ್ ಅಂತ ನೋಡದೆ ಉತ್ತರ ತಂದುಕೊಡುತ್ತೆ. ಅಂದರೆ ಪ್ರೈವೇಟ್ ಬೀಗ ಅಲ್ಲ. ನಮ್ಮ ಕಡೆ ಮನೆಗಳ ಹಾಗೆ: ಜಗಲಿಗೆ ಯಾರು ಬೇಕಾದರೂ ಬರಬಹುದು. ಒಳಗೆ ಬರಬೇಡಿ ಅಂತ ಎಲ್ಲೂ ಬರೆದಿರಲ್ಲ, ಆದರೂ ಯಾರೂ ನುಗ್ಗಲ್ಲ.

“ಸೆಂಡ್ ಹಾಕಿಬಿಡಾಣಾ?” ಅಂದ ಹೊಸನಗರ.

“ಎಂತ ಬೇಡ ಮಾರಾಯ, ನಾನೇ ಹೇಳ್ತೀನಿ” ಅಂದ ತೀರ್ಥಹಳ್ಳಿ. ಹೇಳಿದ. ಸ್ವಲ್ಪ ಹೊತ್ತು ಫ್ಯಾನ್ ಸದ್ದು ಮಾತ್ರ. ಆಮೇಲೆ ಸಾಗರ ಹೇಳಿದ, ಕೊನೆಗೆ ಹೊಸನಗರ. ಅವನ ಮನೆಯದೇ ಎಲ್ಲಕ್ಕಿಂತ ಜಾಸ್ತಿ. ಅವತ್ತು ಮೆಸ್ಸಿಗೆ ಹೋದಾಗ ಊಟ ಮುಗಿದಿತ್ತು.

ಮರುದಿನ ‘ಪ್ರೈವೇಟ್’ ಅಳಿಸಿ ‘ಪ್ರೊಟೆಕ್ಟೆಡ್’ ಅಂತ ಬರೆದೆವು. ಈಗ ಒಂದು ತೋಟ ಇನ್ನೊಂದು ತೋಟದ ಸಾಲ ಕೇಳಬಹುದು. ಹೊರಗಿನವರು ಕೇಳಿದರೆ ಹಳೇ ಎರರೇ. ಪ್ರೋಗ್ರಾಂ ಓಡಿತು.

ಮೊತ್ತ ಎಷ್ಟು ಅಂತ ಇಲ್ಲಿ ಬರೆಯಲ್ಲ. ಬೇಜಾರು ಮಾಡ್ಕೋಬೇಡಿ, ನೀವು ಬೇರೆ ಕ್ಲಾಸ್.