ಲಿನಕ್ಸ್‌ನವರಿಗೂ ಒಂದು ಆಟ ಕೊಡಿ
ದೇವರಾಯನದುರ್ಗದ ಬೆಟ್ಟದಲ್ಲಿ ಭೋಗನರಸಿಂಹ ಕೆಳಗೆ, ಯೋಗನರಸಿಂಹ ಮೇಲೆ. ನಡುವೆ ಎಲ್ಲಾದರೂ ಕೂತರೆ ಮಾತಿಗೆ ಕೊನೆಯಿಲ್ಲ. ತುಮಕೂರಿನ ಕಾಲೇಜು ಹುಡುಗರ ಜೊತೆ ಅಲ್ಲಿನ ಬುಗ್ಗೆ ನಾಮದ ಚಿಲುಮೆಯಿಂದ ಶುರುವಾದ ಹರಟೆ ಲ್ಯಾಪ್‌ಟಾಪಿಗೆ ಬಂತು. 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ಕ್ಕೆ ಬೆಂಬಲ ನಿಂತಮೇಲೆ ಅಣ್ಣನ ಹಳೇ ಯಂತ್ರಕ್ಕೆ ಲಿನಕ್ಸ್ ಹಾಕಿಕೊಂಡ ಗುಬ್ಬಿಯ ಹುಡುಗನೊಬ್ಬ, "ಎಲ್ಲಾ ಚೆನ್ನಾಗೈತೆ ಸಾರ್, ಆಟಗಳದ್ದೇ ಕೊರತೆ. ಕೇಳಿದ್ರೆ ಕೊಡ್ತಾರಾ?" ಅಂದ.

ಕೇಳಲೇಬೇಕು ಕಣಪ್ಪಾ ಅಂದೆ. ಅದೂ ಆಟ ಮಾಡುವ ಚಿಕ್ಕ ತಂಡಗಳನ್ನೇ ಕೇಳಬೇಕು. ಇಬ್ಬರು ಮೂವರು ಸೇರಿ ಆಟ ಕಟ್ಟುವ ಕಡೆ, ಬಂದ ಪತ್ರವನ್ನು ಓದುವವರೂ ಅವರೇ. ಆಟ ಕಟ್ಟುವ ತಂತ್ರಾಂಶಗಳಾದ ಗೊಡೋ, ಯೂನಿಟಿಗಳಲ್ಲಿ ಲಿನಕ್ಸ್‌ಗೂ ಆಟ ಸಿದ್ಧಪಡಿಸುವ ದಾರಿ ಇದೆ. 2018ರಲ್ಲಿ ವಾಲ್ವ್ ಕಂಪನಿ ಪ್ರೋಟಾನ್ ಎಂಬ ತಂತ್ರಾಂಶ ತಂದಮೇಲೆ ವಿಂಡೋಸ್ ಆಟಗಳೇ ಎಷ್ಟೋ ಲಿನಕ್ಸ್‌ನಲ್ಲಿ ಓಡುತ್ತವೆ. ಹಾಗಾಗಿ "ಪ್ರೋಟಾನ್‌ನಲ್ಲಿ ಒಮ್ಮೆ ಓಡಿಸಿ ನೋಡಿ" ಅಂತ ಕೇಳಿದರೂ ಆದೀತು.

ಚಿಕ್ಕ ತಂಡಗಳ ಅಂಜಿಕೆಯೂ ಸುಳ್ಳಲ್ಲ: ಕೊಳ್ಳುವವರು ಕಮ್ಮಿ, ದೂರು ಜಾಸ್ತಿ. ಗೊಡೋದಲ್ಲೇ ಮಾಡಿದ 'ಡೆಲ್ಟಾ-ವಿ: ರಿಂಗ್ಸ್ ಆಫ್ ಸ್ಯಾಟರ್ನ್' ಎಂಬ ಬಾಹ್ಯಾಕಾಶದ ಆಟದ ಲೆಕ್ಕವನ್ನು ಅದರ ಕರ್ತೃ 2021ರಲ್ಲಿ ಬಿಚ್ಚಿಟ್ಟರು. ಸುಮಾರು 12,000 ಪ್ರತಿಗಳಲ್ಲಿ ಲಿನಕ್ಸ್‌ನವರು ಕೊಂಡದ್ದು 700. ಸಾವಿರ ಚಿಲ್ಲರೆ ದೋಷವರದಿಗಳಲ್ಲಿ ಅವರದ್ದು ಸುಮಾರು 400! ಆದರೆ ಆ ನಾನೂರರಲ್ಲಿ ಲಿನಕ್ಸ್‌ಗೆ ಮಾತ್ರ ಸೇರಿದವು ಮೂರೇ. ಉಳಿದವು ಎಲ್ಲ ಆಟಗಾರರನ್ನೂ ಕಾಡುತ್ತಿದ್ದ ದೋಷಗಳು. ಲಿನಕ್ಸ್‌ನವರು ಕೂತು ವಿವರವಾಗಿ ಬರೆದು ತಿಳಿಸಿದ್ದರು. ಈ ಸಂಗತಿ ನನಗೆ ಬಹಳ ಹಿಡಿಸಿತು. ಪುಟ್ಟ ತಂಡಕ್ಕೆ ಇಂಥ ಪರೀಕ್ಷಕರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಲು ಎಲ್ಲಿ ಸಾಧ್ಯ?

ಹಾಗೆಂದು ಬರೀ "ಲಿನಕ್ಸ್ ಯಾಕಿಲ್ಲ?" ಅಂತ ಗದರಿಸಿದರೆ ಯಾರ ಮನಸ್ಸೂ ಕರಗದು. ಯಾವ ಲಿನಕ್ಸ್, ಯಾವ ಗ್ರಾಫಿಕ್ಸ್ ಕಾರ್ಡ್, ಆಟ ಎಲ್ಲಿ ನಿಂತಿತು ಎಂದು ಬರೆಯಬೇಕು. ಕೆಲವೊಮ್ಮೆ ತೊಡಕು ತೀರಾ ಸಣ್ಣದು. ಫೈಲಿನ ಹೆಸರಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಲಿನಕ್ಸ್‌ಗೆ ಬೇರೆಬೇರೆ, ವಿಂಡೋಸ್‌ಗೆ ಒಂದೇ. ಅಷ್ಟಕ್ಕೇ ಒಂದು ಚಿತ್ರ ಸಿಗದೆ ಆಟ ಕೆಡಬಹುದು. "ನಾನು ಪರೀಕ್ಷೆ ಮಾಡಿಕೊಡ್ತೀನಿ" ಎಂಬ ಒಂದು ಸಾಲು ಸೇರಿಸಬೇಕು. ಆಟ ಬಂದಮೇಲೆ ದುಡ್ಡು ಕೊಟ್ಟೇ ಕೊಳ್ಳಬೇಕು.

ಮೊದಲ ಪತ್ರ ಬೆಂಗಳೂರಿನ ಯಾವುದಾದರೂ ಚಿಕ್ಕ ತಂಡಕ್ಕೇ ಹೋಗಲಿ ಅಂದೆ. 1997ರಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಆಟದ ಕಂಪನಿ ಶುರುವಾದ ಊರು ಅದು. ಕನ್ನಡ ಬಲ್ಲವರಿದ್ದರೆ ಕನ್ನಡದಲ್ಲೇ ಬರೆಯಬಹುದು. ಅವರು ಬಾ ಅಂದರೆ, ಗುಬ್ಬಿಯಿಂದ ಬೆಳಗಿನ ರೈಲು ಹತ್ತಿ ಆಟ ಎಲ್ಲಿ ನಿಲ್ಲುತ್ತದೆ ಅಂತ ಎದುರಿಗೇ ತೋರಿಸಿ ಬರಬಹುದು.