ಬಹುಮಾನ ಯಾರಿಗೆ ಕೊಡೋಣ?



ನಾವು ಓದಿದ್ದು ಮೆಟ್ರಿಕ್‌ವರೆಗೆ ಮಾತ್ರ. ಮೊದಲು ಕಲ್ಯಾಣದುರ್ಗದಲ್ಲಿ ಕಡಲೆಕಾಯಿ ವ್ಯಾಪಾರ, ಆಮೇಲೆ ಹಿಂದೂಪುರದಲ್ಲಿ ಬೆಲ್ಲ, ಹುಣಿಸೆಹಣ್ಣಿನ ವ್ಯಾಪಾರ. ಬರೆದು ಅಭ್ಯಾಸವಿಲ್ಲ. ಆದರೂ ಒಂದು ವಿಷಯ ಮನಸ್ಸನ್ನು ಕೊರೆಯುತ್ತಿದೆ.

ಕಲ್ಯಾಣದುರ್ಗದ ನಮ್ಮ ಅಂಗಡಿಯಲ್ಲಿ ಮೂಟೆ ಹೊರುತ್ತಿದ್ದ ಹಮಾಲಿಯೊಬ್ಬನಿಗೆ ಅಪಘಾತದಲ್ಲಿ ತೊಡೆಯಿಂದ ಕೆಳಗೆ ಕಾಲು ಹೋಯಿತು. ಮುಂದೆ ನಡೆದ ಒಂದು ಶಿಬಿರಕ್ಕೆ ನಾವೂ ದೇಣಿಗೆ ಕೊಟ್ಟೆವು. ಅವನಿಗೆ ಕೃತಕ ಕಾಲು ಸಿಕ್ಕಿತು. ನಮಗೆ ಹಾರ ಬಿತ್ತು, ಫೋಟೋ ಆಯಿತು. ಎರಡು ವರ್ಷದ ಮೇಲೆ ಅವನ ಮನೆಗೆ ಹೋದರೆ ಆ ಕಾಲು ಅಟ್ಟದ ಮೇಲಿತ್ತು! “ಮಂಡಿ ಮಡಿಸಕ್ಕೆ ಬರಲ್ಲ ಸಾವ್ಕಾರ್ರೇ, ಬಸ್ಸಲ್ಲಿ ಕೂರಕ್ಕಾಗಲ್ಲ. ತಾವು ಕೊಡಿಸಿದ್ದು, ಹೆಂಗೆ ಹೇಳೋದು?” ಎಂದ. ನಾವು ತಲೆ ತಗ್ಗಿಸಿದೆವು. ಎರಡು ವರ್ಷ ಒಮ್ಮೆಯೂ ವಿಚಾರಿಸಿರಲಿಲ್ಲ.

ಜೈಪುರದ ಕಾಲಿನ ಕಥೆ ನಮ್ಮ ಸಮಾಜಕ್ಕೆ ಹೊಸದಲ್ಲ. 1968ರ ಸುಮಾರಿಗೆ ಕುಶಲಕರ್ಮಿ ರಾಮಚಂದ್ರ ಶರ್ಮರು ಡಾ. ಪಿ.ಕೆ. ಸೇಠಿಯವರ ಜೊತೆಗೂಡಿ ರಬ್ಬರಿನಿಂದ ಆ ಪಾದವನ್ನು ರೂಪಿಸಿದರು. ಅದನ್ನು ತೊಟ್ಟು ಬರಿಗಾಲಲ್ಲಿ ಕೆಸರಿಗೂ ಇಳಿಯಬಹುದು. 1975ರಲ್ಲಿ ಡಿ.ಆರ್. ಮೆಹತಾ ಅವರು ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಕಟ್ಟಿ ಅದನ್ನು ಉಚಿತವಾಗಿ ಕೊಡಲಾರಂಭಿಸಿದರು. ಯುದ್ಧದಿಂದ ನೊಂದ ಆಫ್ಘಾನಿಸ್ತಾನಕ್ಕೂ ಅದು ತಲುಪಿತು. ಆದರೆ ತೊಡೆಯಿಂದ ಕಾಲು ಹೋದವರಿಗೆ ಮಂಡಿಯೂ ಬೇಕಲ್ಲವೇ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಈ ಸಮಿತಿಯೊಡನೆ ಸೇರಿ ಸುಮಾರು 20 ಡಾಲರ್‌ನಲ್ಲಿ ಮಡಿಸಬಲ್ಲ ನೈಲಾನ್ ಮಂಡಿ ಮಾಡಿದರು. 2009ರ ಉತ್ತಮ ಆವಿಷ್ಕಾರಗಳಲ್ಲಿ ಟೈಮ್ ಪತ್ರಿಕೆ ಅದನ್ನೂ ಸೇರಿಸಿತು. 2022ರಲ್ಲಿ ಮದ್ರಾಸಿನ ಐಐಟಿ, ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಮುಂತಾದವರ ಜೊತೆ ಸೇರಿ ‘ಕದಮ್’ ಎಂಬ ಮಂಡಿಯನ್ನು ಹೊರತಂದಿತು.

ಇಂಥ ಕೆಲಸಕ್ಕೆ ಹಣ ಕೊಡುವ ಬಗೆ ಯಾವುದು? ಬಹುಮಾನ ಸಾರುವುದು ಒಂದು ದಾರಿ. 1714ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು, ನಡುಗಡಲಲ್ಲಿ ಹಡಗಿನ ರೇಖಾಂಶ ಕಂಡುಹಿಡಿಯುವ ದಾರಿ ತೋರಿದವರಿಗೆ 20,000 ಪೌಂಡ್‌ವರೆಗೆ ಬಹುಮಾನ ಸಾರಿತು. ಗಡಿಯಾರ ಮಾಡಿ ಅದನ್ನು ಸಾಧಿಸಿದ್ದು ಜಾನ್ ಹ್ಯಾರಿಸನ್ ಎಂಬ ಬಡಗಿ. ಆದರೆ ಹಣದ ಬಹುಭಾಗಕ್ಕಾಗಿ ಅವನು ಮುಪ್ಪಿನವರೆಗೆ ಹೋರಾಡಬೇಕಾಯಿತು. ಬಡ ಕುಶಲಕರ್ಮಿ ಅಷ್ಟು ಕಾಲ ಏನು ತಿನ್ನಬೇಕು? ಟೊಯೋಟಾದವರ ಪ್ರತಿಷ್ಠಾನ ನಡೆದಾಡಲಾಗದವರ ಸಾಧನಗಳಿಗಾಗಿ 2017ರಲ್ಲಿ ಸಾರಿದ ಸ್ಪರ್ಧೆಯಲ್ಲಿ ಕೊನೆಯ 5 ತಂಡಗಳಿಗೆ ಮುಂಚೆಯೇ ತಲಾ 5 ಲಕ್ಷ ಡಾಲರ್ ಕೊಟ್ಟು, ಗೆದ್ದವರಿಗೆ 2020ರಲ್ಲಿ 10 ಲಕ್ಷ ಡಾಲರ್ ಕೊಟ್ಟರು. ಇದು ನಮಗೆ ಒಪ್ಪಿಗೆಯಾಯಿತು. ನಾವೂ ವ್ಯಾಪಾರದಲ್ಲಿ ಸ್ವಲ್ಪ ಮುಂಗಡ ಕೊಟ್ಟು, ಮಾಲು ನೋಡಿ ಬಾಕಿ ಕೊಡುವವರಲ್ಲವೇ?

ನಮ್ಮ ಸಮಾಜದವರು ಕೂಡಿ ಹಾಗೊಂದು ಬಹುಮಾನ ಇಡಬಾರದೇಕೆ? ಷರತ್ತು ಮೂರೇ ಸಾಕು. ಬೆಲೆ ಕೂಲಿಯವನ ಕೈಗೆ ಎಟುಕಬೇಕು. ಕೆಟ್ಟರೆ ಊರಿನ ಸೈಕಲ್ ಅಂಗಡಿಯವನೇ ರಿಪೇರಿ ಮಾಡುವಂತಿರಬೇಕು. ಎರಡು ವರ್ಷದ ಮೇಲೆ ನೋಡಿದರೂ ಅದು ಅಟ್ಟದ ಮೇಲಲ್ಲ, ಮೈಮೇಲೆ ಇರಬೇಕು. ಬಾಕಿ ಹಣ ಆಗಲೇ. ಔಷಧದಾನ, ಅಭಯದಾನ ಎಂದು ಹಿರಿಯರು ಹೇಳಿದ್ದು ಕೊಟ್ಟು ಮರೆಯಲಿ ಎಂದಲ್ಲ.

ಬರುವ ತಿಂಗಳು ಆ ಹಮಾಲಿಯನ್ನು ಬೆಂಗಳೂರಿಗೆ ಕರೆದೊಯ್ಯುತ್ತೇವೆ. ಈ ಸಲ ಫೋಟೋ ಬೇಡ ಎಂದು ಮನೆಯಲ್ಲಿ ಹೇಳಿದ್ದೇವೆ.

ಜೈ ಜಿನೇಂದ್ರ.